ಗೃಹಚ್ಛಾಯಾಚಿತ್ರಗಳಲ್ಲಿ ದೇಶಪ್ರವೃತ್ತಿ

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ವೇಷದ ವಿನ್ಯಾಸಕ್ರಮವನ್ನು ಪ್ರವೃತ್ತಿಯೆಂದೂ, ವಿಲಾಸದ ವಿನ್ಯಾಸಕ್ರಮವನ್ನು ವೃತ್ತಿಯೆಂದೂ, ವಚನದ ವಿನ್ಯಾಸಕ್ರಮವನ್ನು ರೀತಿಯೆಂದೂ ವಿಂಗಡಿಸಿರುವನು. ಅವನಿಗಿಂತ ಬಹು ಹಿಂದೆಯೇ ಭರತನು ಆವಂತೀ, ದಾಕ್ಷಿಣಾತ್ಯಾ, ಪಾಂಚಾಲೀ, ಔಡ್ರಮಾಗಧೀ ಎಂದು ಪ್ರವೃತ್ತಿಗಳನ್ನು ನಾಲ್ಕಾಗಿ ಎಣಿಸಿದ್ದನು. ರೀತಿಯನ್ನು ಕುರಿತು ಆಲಂಕಾರಿಕರು ಬೇಕಾದಷ್ಟು ವಾದಿಸಿದರು. ಪ್ರವೃತ್ತಿಯಾದರೋ ನಾಟ್ಯಶಾಸ್ತ್ರದ ಪುಟಗಳಲ್ಲಿಯೇ ಉಳಿಯಿತು. ದೇಶವೇಷಾಚಾರಗಳ ವಿಚಾರವಾದ ಈ ಪರಿಭಾಷೆಗೆ ಇಂದು ತಕ್ಕ ಕ್ಷೇತ್ರವೊಂದಿದೆ. ಅದು ಮನೆಮನೆಯ ಆಲ್ಬಮ್ಮು.

1868ರಿಂದ 1875ರವರೆಗೆ ವಾಟ್ಸನ್ ಮತ್ತು ಕೇಯ್ ಎಂಬವರು ಭಾರತದ ಜನವರ್ಗಗಳ ಛಾಯಾಚಿತ್ರಗಳನ್ನು ಎಂಟು ಸಂಪುಟಗಳಲ್ಲಿ ಪ್ರಕಟಿಸಿದರು. ಅಲ್ಲಿ ಮನುಷ್ಯನು ತನ್ನ ವರ್ಗದ ಮಾದರಿಯಾಗಿ ನಿಂತಿರುವನು. ಕುರುಹನ್ನು ತೋರಿಸುವುದೇ ಆ ಚಿತ್ರಗಳ ಉದ್ದೇಶ. ಮನೆಯವರು ತೆಗೆದ ಚಿತ್ರದ ಉದ್ದೇಶ ಬೇರೆ: ಮಗುವಿನ ಮೊದಲ ಹೆಜ್ಜೆ, ಹೊಸ ಅಳಿಯ, ಹಬ್ಬದ ಪಂಕ್ತಿ. ದೇಶವು ಇಲ್ಲಿ ವಾಚ್ಯವಲ್ಲ, ವ್ಯಂಗ್ಯ.

ಕೊಡಗನ್ನೇ ನೋಡಬಹುದು. ಕೊಡವ ಸ್ತ್ರೀಯರ ಸೀರೆಯ ನೆರಿಗೆ ಬೆನ್ನ ಕಡೆಗಿರುವುದು. ಸೆರಗು ಬಲಭುಜದ ಮೇಲೆ ನಿಲ್ಲುವುದು. ಸ್ಟುಡಿಯೋದಲ್ಲಿ ಕ್ಯಾಮರಾದ ಕಡೆಗೆ ಮುಖಮಾಡಿ ಕುಳಿತ ಗೃಹಿಣಿಯ ಚಿತ್ರದಲ್ಲಿ ಈ ನೆರಿಗೆ ಕಾಣದು. ಐನ್‌ಮನೆಯ ಕೈಸಾಲೆಯಲ್ಲಿ, ಕಂಬಗಳ ನಡುವಣ ಐಮರದ ಮೇಲೆ ಹಿರಿಯರು ಕುಳಿತಿರುವಾಗ, ಅವರ ಚಿತ್ರಕ್ಕೆ ಅಡ್ಡವಾಗಿ ಬೆನ್ನು ತಿರುಗಿಸಿ ಹೋದ ಹೆಂಗಸಿನಲ್ಲಿಯೇ ಅದು ಸ್ಪಷ್ಟವಾಗುವುದು. ಮನೆಯವರು ಕೆಟ್ಟಿತೆಂದು ಬದಿಗಿಟ್ಟ ಚಿತ್ರವೇ ವಿಮರ್ಶಕನಿಗೆ ಉತ್ತಮ! ಮದುವೆಯಲ್ಲಿ ಕುಪ್ಯವನ್ನು ತೊಟ್ಟು, ಚೇಲೆಯನ್ನು ಬಿಗಿದು, ಪೀಚೆಕತ್ತಿಯನ್ನು ಸಿಕ್ಕಿಸಿ ನಿಂತ ವರನ ಚಿತ್ರವನ್ನು ಕೃತ್ರಿಮವೆಂದು ತಳ್ಳುವುದು ಮಾತ್ರ ಸಲ್ಲದು. ತಾನು ಇಂಥ ನಾಡಿನವನೆಂದು ತಿಳಿಯಲಿ ಎಂಬ ಇಚ್ಛೆಗೆ ಅದು ಪ್ರಮಾಣ. ನಿತ್ಯದ ಬಾಳಿಗೆ ಪ್ರಮಾಣವಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಅನೇಕ ಭ್ರಾಂತಿಗಳು ಹುಟ್ಟುವುವು.

ನೈಯಾಯಿಕರು ಹೇಳುವ ಸವ್ಯಭಿಚಾರಹೇತುವಿಗೆ ಇಲ್ಲಿ ಉದಾಹರಣೆಗಳು ಹೇರಳ. ಮಾಡಿನ ಮೇಲೆ ಮಂಗಳೂರು ಹೆಂಚನ್ನು ಕಂಡೊಡನೆ ಕರಾವಳಿಯೆಂದು ನಿಶ್ಚಯಿಸುವವರುಂಟು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಆ ಹೆಂಚು ಹಡಗನ್ನೇರಿ ಪರದೇಶಗಳಿಗೂ ಹೋಯಿತು. ಅದರಿಂದ ಊರನ್ನು ಊಹಿಸುವುದೆಂತು? ಇಳಕಲ್ಲಿನ ಸೀರೆಯನ್ನು ಮಹಾರಾಷ್ಟ್ರದವರೂ ಉಡುವರು. ಟೋಪಿತೆನೆಯ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸ, ಹಿಂದೆ ಮಣ್ಣಿನ ಮಾಳಿಗೆ, ಅಂಗಳದಲ್ಲಿ ಜೋಳದ ರಾಶಿ ಇವು ಒಟ್ಟಿಗೆ ಕಂಡಾಗ ಬಿಜಾಪುರದ ಸೀಮೆಯೆಂಬ ಅನುಮಾನಕ್ಕೆ ಬಲ ಬರುವುದು; ಆಗಲೂ ಅದು ಅನುಮಾನವೇ, ಪ್ರತ್ಯಕ್ಷವಲ್ಲ.

ಪಾಠಶೋಧನೆಯೂ ಅವಶ್ಯಕ. ನೆಗೆಟಿವ್ವನ್ನು ಮಗುಚಿ ಅಚ್ಚುಹಾಕಿದರೆ ಎಡಬಲಗಳು ಪಲ್ಲಟವಾಗುವುವು. ಕೊಡವ ಸೆರಗು ಎಡಭುಜಕ್ಕೆ ಸರಿದು, ಈಗ ದೇಶದಲ್ಲೆಲ್ಲ ರೂಢವಾಗಿರುವ ಉಡಿಗೆಯಂತೆ ತೋರುವುದು. ಗೋಡೆಯ ಕ್ಯಾಲೆಂಡರಿನ ಅಕ್ಷರಗಳು ತಿರುಗುಮುರುಗಾಗಿವೆಯೇ, ಗಂಡಸರ ಅಂಗಿಯ ಗುಂಡಿ ಯಾವ ಕಡೆಗಿದೆ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು.

ಈ ಸಾಮಗ್ರಿಗೆ ಒದಗಿರುವ ಹಾನಿ ಗೆದ್ದಲಿನಿಂದಷ್ಟೇ ಅಲ್ಲ. ಮನೆಯ ಹಿರಿಯರು ತೀರಿಕೊಂಡಾಗ ಗುಂಪಿನ ಚಿತ್ರದಿಂದ ಮುಖವೊಂದನ್ನೇ ಬಿಡಿಸಿ, ದೊಡ್ಡದು ಮಾಡಿಸಿ, ಹಿಂದೆ ನೀಲಿಯನ್ನು ತುಂಬಿಸಿ ಕಟ್ಟುಹಾಕಿಸುವುದು ವಾಡಿಕೆ. ಮುಖ ಉಳಿಯುವುದು, ಐಮರ, ಅಂಗಳ, ಬೆನ್ನು ತಿರುಗಿಸಿದ ಹೆಂಗಸು ಎಲ್ಲವೂ ಹೋಗುವುವು. ಮೂಲಚಿತ್ರವು ಅಂಗಡಿಯಲ್ಲಿಯೇ ಉಳಿದು ಕಳೆದುಹೋಗುವುದೂ ಉಂಟು. ದುಃಖದಲ್ಲಿರುವ ಮನೆಯವರನ್ನು ಇದಕ್ಕಾಗಿ ದೂರುವಂತಿಲ್ಲ. ಸ್ಮಾರಕಗ್ರಂಥಗಳ ಸಂಪಾದಕರು ಅದನ್ನೇ ಮಾಡುವುದು ಮಾತ್ರ ಅಕ್ಷಮ್ಯ: ಓಲೆಗರಿಯಲ್ಲಿ ಒಂದಕ್ಷರ ಲುಪ್ತವಾದರೂ ಅಡಿಟಿಪ್ಪಣಿ ಕೊಡುವ ವಿದ್ವಾಂಸರು ಚಿತ್ರದ ಮುಕ್ಕಾಲು ಪಾಲನ್ನು ಟಿಪ್ಪಣಿಯಿಲ್ಲದೆಯೇ ಕತ್ತರಿಸಿಬಿಡುವರು.