ಐತಿಹಾಸಿಕ ಚಿತ್ರಗಳು: ಕೆಲವು ಅಭಿಪ್ರಾಯಗಳು

ಚಿತ್ರದಲ್ಲಿ ಕಂಡುದನ್ನೇ ಉತ್ತರಪತ್ರಿಕೆಯಲ್ಲಿ ಇತಿಹಾಸವೆಂದು ಬರೆಯುವ ವಿದ್ಯಾರ್ಥಿಗಳು ವರ್ಷವರ್ಷವೂ ನಮಗೆ ಎದುರಾಗುತ್ತಾರೆ. ಆದುದರಿಂದ ಇಂತಹ ಮೂರು ಕೃತಿಗಳನ್ನು ಕುರಿತು ನಮಗೆ ತೋರಿದುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

1962ರ ತೆಲುಗು ಚಿತ್ರ ‘ಮಹಾಮಂತ್ರಿ ತಿಮ್ಮರುಸು’. ಗುಮ್ಮಡಿಯವರ ಅಭಿನಯ ಗಂಭೀರವಾದುದು. ವೃದ್ಧ ಮಂತ್ರಿಯ ಕಣ್ಣು ಕಳೆಯುವ ಸನ್ನಿವೇಶದಲ್ಲಿ ನಮ್ಮ ಮನಸ್ಸೂ ಕಲಕಿತೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಈ ಶಿಕ್ಷೆಯ ಕಥೆಗೆ ಮುಖ್ಯ ಆಧಾರ ನೂನಿಜನೆಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರಹ. ಕೃಷ್ಣದೇವರಾಯನು 1529ರಲ್ಲಿ ತೀರಿಕೊಂಡನು. ನೂನಿಜನು ವಿಜಯನಗರದಲ್ಲಿದ್ದುದು ಅದಾದ ಕೆಲವು ವರ್ಷಗಳ ಮೇಲೆ. ಅವನು ಬರೆದುದು ಕೇಳಿದ ಮಾತನ್ನು, ಕಂಡುದನ್ನಲ್ಲ. ಆ ಸಂದೇಹದ ನೆರಳು ಚಿತ್ರದಲ್ಲಿ ಎಲ್ಲಿಯೂ ಬೀಳುವುದಿಲ್ಲ. ಕಿರೀಟ, ಆಭರಣಗಳ ತಪ್ಪನ್ನಾದರೂ ನಾವು ಕ್ಷಮಿಸಬಲ್ಲೆವು. ಇದನ್ನು ಕ್ಷಮಿಸುವುದು ಕಷ್ಟ.

ಶ್ಯಾಮ್ ಬೆನೆಗಲ್ಲರ ‘ಭಾರತ್ ಏಕ್ ಖೋಜ್’ 1988ರಲ್ಲಿ ದೂರದರ್ಶನದಲ್ಲಿ ಆರಂಭವಾದ 53 ಕಂತುಗಳ ಮಾಲೆ. ಅರ್ಧ ಸಾಕ್ಷ್ಯಚಿತ್ರ, ಅರ್ಧ ನಾಟಕ. ರಂಗಸಜ್ಜಿಕೆ ಬಡವಾದುದು, ಯುದ್ಧಗಳಲ್ಲಿ ಸೈನಿಕರೇ ಸಾಲರು. ಆದರೂ ನೆಹರೂ ಅವರ ಪಾತ್ರವೇ ತೆರೆಯ ಮೇಲೆ ಬಂದು ಮಾತನಾಡುವುದರಿಂದ, ಇದು ಅಹಮದ್‌ನಗರದ ಕೋಟೆಯ ಸೆರೆಯಲ್ಲಿ ಕುಳಿತು ಬರೆದ ಒಬ್ಬರ ದೃಷ್ಟಿಯೆಂಬ ಎಚ್ಚರ ಪ್ರೇಕ್ಷಕನಿಗೆ ಉಳಿಯುತ್ತದೆ. ಮೂರರಲ್ಲಿ ನಮ್ಮ ಮೆಚ್ಚುಗೆ ಇದಕ್ಕೇ.

ಟಿಪ್ಪು ಸುಲ್ತಾನನನ್ನು ಕುರಿತ 1990ರ ಧಾರಾವಾಹಿಯು ಕಾದಂಬರಿಯೊಂದನ್ನು ಅನುಸರಿಸಿದುದು. ಕಲ್ಪಿತ ಕೃತಿಯೆಂಬ ಸೂಚನೆಯೊಡನೆ ಪ್ರಸಾರವಾಯಿತು. ಸೂಚನೆ ಕ್ಷಣಕಾಲದ್ದು, ಕಥೆ ಗಂಟೆಗಟ್ಟಲೆಯದು. ಈ ವರ್ಷ ತರಗತಿಯಲ್ಲಿ ಸೂಚನೆಯನ್ನೂ ಸೇರಿಸಿ ಒಂದು ಕಂತನ್ನು ತೋರಿಸಿ, ಮರುದಿನ ಪ್ರಶ್ನಿಸಿದೆವು. ಖಡ್ಗವು ಎಲ್ಲರ ನೆನಪಿನಲ್ಲಿತ್ತು. ಸೂಚನೆಯನ್ನು ಓದಿದ್ದವರು ಇಬ್ಬರು.