ಅಳತೆಗೆ ಸಿಗದ ಮಾರುಕಟ್ಟೆ

ಕೇಂದ್ರ ಪರಿಸರ ಸಚಿವಾಲಯ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಲ್ಲಿ ಜನಾರೋಗ್ಯದ ಮಾತೇ ಇಲ್ಲ ಎಂದು ದೂರಿದರೆ ತಪ್ಪಾಗುತ್ತದೆ. ಅದರ ನಮೂನೆ-1 ತೆರೆದು ನೋಡಿ. ಯೋಜನೆಯಿಂದ ರೋಗಗಳಾಗಲಿ, ರೋಗ ಹರಡುವ ಕೀಟಗಳಾಗಲಿ ಹೆಚ್ಚುತ್ತವೆಯೇ? ರೋಗಿಗಳು, ಮಕ್ಕಳು, ವೃದ್ಧರಿಗೆ ತೊಂದರೆಯಾದೀತೇ? ಒಳ್ಳೆಯ ಪ್ರಶ್ನೆಗಳೇ. ಎದುರಿಗೆ ಹೌದು, ಇಲ್ಲ ಎಂದು ಬರೆಯುವ ಅಂಕಣ, ಪಕ್ಕದಲ್ಲಿ ವಿವರಕ್ಕೆ ಜಾಗ. ಅದನ್ನು ತುಂಬುವವರು ಮಾತ್ರ ಯೋಜನೆ ಕಟ್ಟುವವರೇ, ಇಲ್ಲವೇ ಅವರು ದುಡ್ಡು ಕೊಟ್ಟು ಕರೆತಂದ ಸಲಹೆಗಾರರು. ಕಾಯಿಲೆ ಬೀಳುವವರನ್ನು ಕಾಯಿಲೆಯ ಬಗ್ಗೆ ಕೇಳದಿರುವುದೇ ಈ ಪದ್ಧತಿಯ ಮೂಲದೋಷ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ನಿಂತರೆ ಇದು ಸ್ಪಷ್ಟವಾಗುತ್ತದೆ. ದಂಡು ಪ್ರದೇಶದ ಪುರಸಭಾ ಆಯುಕ್ತರಾಗಿದ್ದ ಟಿ.ಬಿ. ರಸೆಲ್ ಅವರ ಹೆಸರು ಹೊತ್ತ ಈ ಕಟ್ಟಡ 1927ರದು, ಉದ್ಘಾಟನೆಯಾದದ್ದು 1933ರಲ್ಲಿ. ಮೀನಿನ ಕಡೆ ಹೋದರೆ ಥರ್ಮೋಕೋಲ್ ಪೆಟ್ಟಿಗೆಗಳಿಂದ ಕರಗಿದ ಐಸಿನ ನೀರು ಪೊರೆ, ರಕ್ತಗಳ ಜತೆ ಮೋರಿಗೆ ಇಳಿಯುತ್ತಿರುತ್ತದೆ. ತರಕಾರಿ ಸಾಲಿನ ಹಿಂದೆ ಹೂಕೋಸಿನ ಎಲೆ, ಕೊಳೆತ ಟೊಮೆಟೊ. ಅದರ ಮೇಲೆಯೇ ಕಾಲಿಟ್ಟು ಮೂಟೆ ಹೊರುವವರು ಓಡಾಡುತ್ತಾರೆ. ಇವರು ಕಾಯಿಲೆ ಬಿದ್ದರೆ ಹೋಗಬಹುದಾದ ಬೌರಿಂಗ್ ಆಸ್ಪತ್ರೆಯೂ ಇದೇ ಶಿವಾಜಿನಗರದಲ್ಲಿದೆ.

ಆದರೆ ಅಧಿಸೂಚನೆ ನೋಡುವುದು ಚದರ ಮೀಟರನ್ನು. ನಿರ್ಮಿತ ಪ್ರದೇಶ 20,000 ಚದರ ಮೀಟರ್ ಮುಟ್ಟದ ಕಟ್ಟಡಕ್ಕೆ ಪೂರ್ವಾನುಮತಿಯೇ ಬೇಡ. ಮುಟ್ಟಿದರೂ, ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ. ಹಳೆಯದನ್ನು ಕೆಡವಿ ಹೊಸ ಸಂಕೀರ್ಣ ಎಬ್ಬಿಸುವ ಮಾತು ಇಲ್ಲಿ ಆಗಾಗ ಕೇಳಿಬರುತ್ತದೆ. 2012ರ ಫೆಬ್ರವರಿಯ ಬೆಂಕಿಯಲ್ಲಿ ಅಂಗಡಿಗಳು ಸುಟ್ಟುಹೋದ ಮೇಲಂತೂ ಆ ಮಾತಿಗೆ ಬಲ ಬಂತು. ನಾಳೆ ಅದು ನಿಜವಾದರೂ ಮೀನು ಮಾರುವ ಹೆಂಗಸನ್ನಾಗಲಿ, ಕಸ ಗುಡಿಸುವ ಪೌರಕಾರ್ಮಿಕರನ್ನಾಗಲಿ ಕರೆದು ಕೇಳಬೇಕೆಂಬ ಕಟ್ಟುಪಾಡು ಈ ಅಧಿಸೂಚನೆಯಲ್ಲಿಲ್ಲ. ಬಗಲಲ್ಲೇ ನೆಲ ಅಗೆದು ಕಟ್ಟಿದ ಮೆಟ್ರೊ ನಿಲ್ದಾಣದ್ದೂ ಇದೇ ಕಥೆ. ರೈಲು ಮಾರ್ಗಗಳು ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಸಾಲ ಕೊಟ್ಟ ಯುರೋಪಿಯನ್ ಹೂಡಿಕೆ ಬ್ಯಾಂಕಿನಂಥ ಸಂಸ್ಥೆಗಳು ತಮ್ಮ ನಿಯಮದಂತೆ ಅಧ್ಯಯನ ಬೇಡುತ್ತವೆ. ನಮ್ಮ ಕಾನೂನೇ ಬೇಡಬೇಕಾದ್ದನ್ನು ಸಾಲ ಕೊಟ್ಟವರು ಕೇಳಲಿ ಎಂದು ಬಿಟ್ಟುಕೊಡುವುದು ಸರಿಯಲ್ಲ.

ಸಣ್ಣಪುಟ್ಟ ಕಟ್ಟಡಗಳನ್ನೆಲ್ಲ ಪಟ್ಟಿಗೆ ಸೇರಿಸಿದರೆ ಕಡತಗಳ ರಾಶಿ ಬೆಳೆಯುತ್ತದೆ, ನಿಜ. ಅದನ್ನು ನಾನೂ ಕೇಳುತ್ತಿಲ್ಲ; ಕೇಳುತ್ತಿರುವುದು ಆರೋಗ್ಯದ ಮೌಲ್ಯಮಾಪನವನ್ನಷ್ಟೇ. ಥಾಯ್ಲೆಂಡ್ 2007ರ ಸಂವಿಧಾನದಲ್ಲೇ ಗಂಭೀರ ಪರಿಣಾಮದ ಯೋಜನೆಗಳಿಗೆ ಆರೋಗ್ಯ ಪರಿಣಾಮದ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತು. ನಮ್ಮ 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಸ್ವಚ್ಛತೆ, ಗಾಳಿಯ ಮಾಲಿನ್ಯಗಳನ್ನು ಆರೋಗ್ಯದ ಕೆಲಸವೆಂದೇ ಎಣಿಸುತ್ತದೆ. ಪಾಲಿಕೆಯ ಆರೋಗ್ಯ ವಿಭಾಗವೇ ಇಂಥ ಮಾರುಕಟ್ಟೆಗಳಿಗೆ ಚಿಕ್ಕದೊಂದು ಆರೋಗ್ಯ ಮೌಲ್ಯಮಾಪನ ನಡೆಸಬಹುದು.

ಕಸದ ವಿಷಯದಲ್ಲಂತೂ ಇದು ತುರ್ತು. ತರಕಾರಿ, ಮಾಂಸ, ಮೀನು ಮಾರುಕಟ್ಟೆಗಳ ಕಸವನ್ನು ದಿನವೂ ಎತ್ತಬೇಕು, ಗೊಬ್ಬರ ಅಥವಾ ಜೈವಿಕ ಅನಿಲದ ಘಟಕವನ್ನು ಮಾರುಕಟ್ಟೆಯಲ್ಲೋ ಆಸುಪಾಸಿನಲ್ಲೋ ಪ್ರೋತ್ಸಾಹಿಸಬೇಕು ಎಂದಿದ್ದವು 2016ರ ಘನತ್ಯಾಜ್ಯ ನಿಯಮಗಳು. ಅದಾಗದಿದ್ದರೆ ಹೊರೆ ಊರಾಚೆಗೆ ಹೋಗುತ್ತದೆ. ಬೆಂಗಳೂರಿನ ಕಸ ಹೊತ್ತು ಮಂಡೂರಿನವರು ವರ್ಷಗಟ್ಟಲೆ ನೊಣ, ದುರ್ವಾಸನೆ, ಕೆಟ್ಟ ನೀರಿನ ಜತೆ ಬದುಕಿದರು. ಬೀದಿಗಿಳಿದು ಲಾರಿ ತಡೆದ ಮೇಲಷ್ಟೇ, 2014ರ ಕೊನೆಗೆ, ಕಸ ಸುರಿಯುವುದು ನಿಲ್ಲುವ ಹಂತಕ್ಕೆ ಬಂತು. ಈ ಊರಿನವರ ಕಾಯಿಲೆಯನ್ನು ಪೇಟೆಯ ಯಾವ ಕಟ್ಟಡದ ನಮೂನೆಯೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಾಗಾಗಿ ಮುಂದಿನ ನೀಲಿನಕ್ಷೆಗೆ ಮೊದಲು ಬೌರಿಂಗ್ ಆಸ್ಪತ್ರೆಯ ಹೊರರೋಗಿ ವಿಭಾಗದ ದಾಖಲೆ ತೆಗೆದು ನೋಡಬೇಕು. ಮೋರಿಯ ನೀರನ್ನು ಪರೀಕ್ಷಿಸಬೇಕು. ವ್ಯಾಪಾರಕ್ಕೆ ಕೂರುವ ಹೆಂಗಸರಿಗೆ ಶೌಚಾಲಯ, ನಲ್ಲಿ ಎಷ್ಟಿವೆ ಎಂದು ಎಣಿಸಬೇಕು. ಹಮಾಲರು, ಪೌರಕಾರ್ಮಿಕರು ಹೇಳಿದ್ದನ್ನು ಅವರಾಡುವ ತಮಿಳು, ಉರ್ದು, ಕನ್ನಡದಲ್ಲೇ ದಾಖಲಿಸಿಕೊಳ್ಳಬೇಕು. ಅದಕ್ಕೆ ಪಾಲಿಕೆ ಲಿಖಿತವಾಗಿ ಉತ್ತರಿಸಿದ ಮೇಲೆಯೇ ಟೆಂಡರ್ ಕರೆಯಲಿ.