ಬಾನೆಟ್ಟಿನೊಳಗಿನ ಬೀಗ

1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಬಾನೆಟ್ಟು ಇವತ್ತಿನ ಕಾರುಗಳ ಬಾನೆಟ್ಟಿನ ಹಾಗೆ ಗಾಜಿನ ಕಡೆಗೆ ಏಳುತ್ತಿರಲಿಲ್ಲ. ಎರಡೂ ಮಡ್‌ಗಾರ್ಡು, ಹೆಡ್‌ಲೈಟುಗಳ ಸಮೇತ ಕಾರಿನ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. 948 ಸಿಸಿ ಇಂಜಿನ್ನು, ಸ್ಟೀರಿಂಗು, ಸಸ್ಪೆನ್ಶನ್ನು ಎಲ್ಲವೂ ಬಯಲಿಗೆ ಬಂದು ನಿಲ್ಲುತ್ತಿದ್ದವು. ಮುಂದಿನ ಟೈರಿನ ಮೇಲೆ ಕುಳಿತೇ ಪ್ಲಗ್ಗು ಬಿಚ್ಚಬಹುದಿತ್ತು, ಕಾರ್ಬ್ಯುರೇಟರು ತೊಳೆಯಬಹುದಿತ್ತು. ಈಗ ಅದೇ ನಗರದ, ಅಂದರೆ ಇಂದಿನ ಚೆನ್ನೈಯ ಅಂಚಿನಲ್ಲಿ, ಇರುಂಗಾಟ್ಟುಕೋಟ್ಟೈಯಲ್ಲಿ ಹ್ಯುಂಡೈ ಕಾರುಗಳೂ ಒರಗಡಂನಲ್ಲಿ ರೆನೋ, ನಿಸ್ಸಾನ್ ಕಾರುಗಳೂ ತಯಾರಾಗುತ್ತವೆ. ಇವುಗಳಲ್ಲಿ ಯಾವುದರ ಬಾನೆಟ್ಟು ಎತ್ತಿದರೂ ಮೊದಲು ಕಾಣುವುದು ಪ್ಲಾಸ್ಟಿಕ್ ಪೈಪು, ವೈರಿಂಗಿನ ಕಟ್ಟು, ಬೆರಳು ತೂರದಷ್ಟು ಇಕ್ಕಟ್ಟು. ಸ್ವಂತ ಕೈಯಿಂದ ಕಾರು ರಿಪೇರಿ ಮಾಡಿಕೊಳ್ಳಲು ಹೊರಟವರು ಇಲ್ಲಿಂದ ಒಂದು ಸುಲಭದ ತೀರ್ಮಾನಕ್ಕೆ ಬಂದುಬಿಡುತ್ತಾರೆ: ಎಲೆಕ್ಟ್ರಾನಿಕ್ಸ್ ಬಂದು ಕಾರು ಕೆಟ್ಟಿತು, ಹಳೆಯ ಕಾಲವೇ ಚೆನ್ನಾಗಿತ್ತು. ಈ ತೀರ್ಮಾನ ತಪ್ಪು. ತಪ್ಪು ಆಗಿರುವುದರಿಂದಲೇ ನಿಜವಾದ ತಕರಾರು ಎಲ್ಲಿದೆಯೋ ಅಲ್ಲಿಗೆ ನಮ್ಮ ಕಣ್ಣು ಹೋಗುತ್ತಿಲ್ಲ.

ಎಲೆಕ್ಟ್ರಾನಿಕ್ಸ್ ಸುಮ್ಮನೆ ಬಂದದ್ದಲ್ಲ. 2010ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 4 ಹೊಗೆ ಮಾನಕ ಮೊದಲು ಜಾರಿಯಾದ ನಗರಗಳಲ್ಲಿ ಚೆನ್ನೈಯೂ ಒಂದು. ಅದರ ಜೊತೆಗೇ ಇಂಜಿನ್ನಿನ ದೋಷವನ್ನು ತಾನೇ ಗುರುತಿಸಿ ದೀಪ ಹೊತ್ತಿಸುವ ಓಬಿಡಿ ವ್ಯವಸ್ಥೆ ಬಂತು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6. 2019ರಿಂದ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯ, ಆಮೇಲೆ ಎರಡು ಏರ್‌ಬ್ಯಾಗ್ ಕಡ್ಡಾಯ. ಅಣ್ಣಾ ಸಾಲೈಯ ಸಿಗ್ನಲ್ಲಿನಲ್ಲಿ ನಿಂತ ಬೈಕ್ ಸವಾರನ ಶ್ವಾಸಕೋಶಕ್ಕೂ, ಹಳೆ ಮಹಾಬಲಿಪುರಂ ರಸ್ತೆಯಲ್ಲಿ ಬ್ರೇಕ್ ತುಳಿಯುವವನ ಜೀವಕ್ಕೂ ಇದರಿಂದ ಲಾಭವಾಗಿದೆ. ಕಾರ್ಬ್ಯುರೇಟರು ಇಟ್ಟುಕೊಂಡು ಈ ಹೊಗೆ ಮಾನಕಗಳನ್ನು ಮುಟ್ಟಲು ಸಾಧ್ಯವೇ ಇರಲಿಲ್ಲ. ಹಳೆಯ ಕಾರು ಪದೇ ಪದೇ ಕೆಡುತ್ತಿತ್ತು, ರಿಪೇರಿ ಕಲಿಯದೆ ವಿಧಿಯಿರಲಿಲ್ಲ ಎಂಬುದನ್ನೂ ಮರೆಯಬಾರದು. ಹೊಸ ಕಾರು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸರ್ವಿಸು ಕೇಳುತ್ತದೆ, ನಡುವೆ ತೊಂದರೆ ಕೊಡುವುದು ಅಪರೂಪ. ಇದನ್ನೆಲ್ಲ ಒಪ್ಪದೆ ಮಾಡುವ ದೂರು ಬರೀ ಹಳಹಳಿಕೆ.

ಆದರೆ ಹೊಸ ಕಾರಿನ ರಿಪೇರಿಯಲ್ಲಿ ಎದುರಾಗುವ ಕಷ್ಟಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಭೌತವಿಜ್ಞಾನದಿಂದ ಹುಟ್ಟಿದವು, ಕೆಲವು ಅನುಮತಿ ಇಲ್ಲದ್ದರಿಂದ ಹುಟ್ಟಿದವು. ಕಾಮನ್ ರೈಲ್ ಡೀಸೆಲ್ ಇಂಜಿನ್ನನ್ನೇ ನೋಡಿ. ಅದರ ಇಂಧನ ಕೊಳವೆಯಲ್ಲಿ 1,600ರಿಂದ 2,000 ಬಾರ್ ಒತ್ತಡ ಇರಬಲ್ಲದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹವ್ಯಾಸಿಗಳು ಇಲ್ಲಿ ಹಿಂಜರಿಯಬೇಕು, ಹಿಂಜರಿದರೆ ಅದು ವಿವೇಕ. ಅದೇ ಇಂಜಿನ್ನಿನ ಇಂಜೆಕ್ಟರ್ ಬದಲಿಸುವ ಕೊನೆಯ ಹಂತಕ್ಕೆ ಬನ್ನಿ. ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ, ಅಂಕಿಗಳ ಒಂದು ಸಾಲು ಕೊರೆದಿರುತ್ತದೆ. ತಯಾರಾಗುವಾಗ ಆ ಇಂಜೆಕ್ಟರು ಎಷ್ಟು ಕೂದಲೆಳೆ ಹೆಚ್ಚು ಅಥವಾ ಕಡಿಮೆ ಇಂಧನ ಬಿಡುತ್ತದೆ ಎಂದು ಅಳೆದು ಬರೆದ ಗುರುತು ಅದು. ಹೊಸದನ್ನು ಕೂರಿಸಿದ ಮೇಲೆ ಈ ಸಾಲನ್ನು ಇಂಜಿನ್ನಿನ ಕಂಪ್ಯೂಟರಿಗೆ ಟೈಪು ಮಾಡಿ ಹೇಳಬೇಕು. ಹೇಳದಿದ್ದರೆ ಇಂಜಿನ್ನು ಒರಟಾಗಿ ಓಡುತ್ತದೆ, ಹೊಗೆ ಉಗುಳುತ್ತದೆ. ಗುರುತು ಕಣ್ಣೆದುರಿಗೇ ಇದೆ, ಓದಲು ಬರುತ್ತದೆ, ಗುಟ್ಟೇನೂ ಅಲ್ಲ. ಅದನ್ನು ಟೈಪು ಮಾಡುವ ಬಾಗಿಲು ಮಾತ್ರ ಕಂಪನಿಯ ಸಾಫ್ಟ್‌ವೇರಿನ ಒಳಗೆ ಬೀಗ ಹಾಕಿಕೊಂಡಿದೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನ ಹಿಂದಿನ ಬ್ರೇಕ್ ಪ್ಯಾಡಿನದೂ ಇದೇ ಕಥೆ. ಪ್ಯಾಡು ಬದಲಿಸುವುದು ಮೊದಲಿನಷ್ಟೇ ಸರಳ, ಆದರೆ ಅದಕ್ಕೆ ಮುಂಚೆ ಮೋಟಾರು ಪಿಸ್ಟನ್ನನ್ನು ಹಿಂದಕ್ಕೆಳೆದುಕೊಳ್ಳುವಂತೆ ಒಂದು ಆಜ್ಞೆ ಕೊಡಬೇಕು. ಚೆನ್ನೈಯಂಥ ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಡೀಸೆಲ್ ಕಾರಿನ ಮಸಿ ಸೋಸುವ ಫಿಲ್ಟರು ಕಟ್ಟಿಕೊಂಡಾಗಲೂ ಅಷ್ಟೆ. ಉದ್ದನೆಯ ಓಟ ಸಿಕ್ಕರೆ ಅದು ತಾನೇ ಸುಟ್ಟುಕೊಂಡು ಶುದ್ಧವಾಗುತ್ತದೆ, ಸಿಗದಿದ್ದರೆ ಸ್ಕ್ಯಾನರಿನಿಂದ ಬಲವಂತವಾಗಿ ಸುಡಿಸಬೇಕು. ಇವು ಮೂರೂ ಕೈಗೆ ಸಂಬಂಧಿಸಿದ ಕಷ್ಟಗಳಲ್ಲ. ಆಜ್ಞೆ ಕೊಡುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗಳು.

ಬೀಗ ತೆಗೆದರೆ ಸಾಮಾನ್ಯ ಜನ ಈ ತಂತ್ರಜ್ಞಾನವನ್ನು ನಿಭಾಯಿಸಬಲ್ಲರೇ ಎಂದು ಯಾರಾದರೂ ಕೇಳಿದರೆ ಉತ್ತರ ಆಗಲೇ ಸಿಕ್ಕಿದೆ. ಚೆನ್ನೈ ಬಳಿಯ ಮರೈಮಲೈ ನಗರದ ಕಾರ್ಖಾನೆಯಲ್ಲಿ ಎಕೋಸ್ಪೋರ್ಟ್ ತಯಾರಿಸುತ್ತಿದ್ದ ಫೋರ್ಡ್, ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಹೇಳಿತು. 2022ರಲ್ಲಿ ಅಲ್ಲಿ ಕಾರು ತಯಾರಿಕೆ ನಿಂತಿತು. ಸರ್ವಿಸು, ಬಿಡಿಭಾಗ ಮುಂದುವರಿಸುವ ಭರವಸೆಯನ್ನು ಕಂಪನಿ ಕೊಟ್ಟಿತಾದರೂ ಮಾಲೀಕರ ಆತಂಕ ಸಹಜವಾಗಿತ್ತು. ಅವರ ಕೈಗೆ ಎಟುಕುವಂತೆ ಇದ್ದದ್ದು ಫೋರ್‌ಸ್ಕ್ಯಾನ್ ಎಂಬ ಸ್ವತಂತ್ರ ಸಾಫ್ಟ್‌ವೇರು. ಕಾರಿನ ಸ್ಟೀರಿಂಗಿನ ಕೆಳಗಿರುವ ಓಬಿಡಿ ಸಾಕೆಟ್ಟಿಗೆ ಒಂದು ಅಡಾಪ್ಟರು ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಇದನ್ನು ತೆರೆದರೆ ಇಂಜಿನ್ನು ಮಾತ್ರವಲ್ಲ, ಎಬಿಎಸ್, ಏರ್‌ಬ್ಯಾಗ್, ಬಾಡಿ ಕಂಪ್ಯೂಟರುಗಳ ದೋಷ ಸಂಕೇತಗಳನ್ನೂ ಓದಬಹುದು, ಹಲವು ಸರ್ವಿಸು ಆಜ್ಞೆಗಳನ್ನೂ ಕೊಡಬಹುದು. ಫೋಕ್ಸ್‌ವಾಗನ್, ಸ್ಕೋಡಾ ಕಾರುಗಳಿಗೆ ವಿಸಿಡಿಎಸ್ ಎಂಬುದು ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಈ ಕಾರುಗಳು ಬೇರೆ ಕಾರುಗಳಿಗಿಂತ ಸರಳವೇನಲ್ಲ. ಆದರೂ ಇವುಗಳ ಮಾಲೀಕರು ಅಷ್ಟೊಂದು ಅಸಹಾಯಕರಲ್ಲ. ಸಂಕೀರ್ಣತೆಯೇ ಅಡ್ಡಿಯಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಬೀಗದ ಬೆಲೆ ಎಷ್ಟೆಂಬುದು ಚೆನ್ನೈಯಲ್ಲಿ ನೆರೆ ಬಂದಾಗ ಗೊತ್ತಾಗುತ್ತದೆ. 2015ರ ಡಿಸೆಂಬರಿನಲ್ಲೂ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ವೇಳಚೇರಿ, ಪಳ್ಳಿಕರಣೈ ಕಡೆ ಕಾರುಗಳು ನೀರಿನಲ್ಲಿ ಮುಳುಗಿ ನಿಂತವು, ಕೆಲವು ತೇಲಿ ಹೋದವು. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬಾರದು, ಸಿಲಿಂಡರಿಗೆ ನುಗ್ಗಿದ ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ ಎಂಬ ಎಚ್ಚರಿಕೆ ಹಳೆಯ ಕಾರಿಗೂ ಹೊಸದಕ್ಕೂ ಒಂದೇ. ಮುಂದಿನದು ಬೇರೆ. ಹಳೆಯ ಕಾರಿನಲ್ಲಿ ಆಯಿಲ್ ಬಸಿದು, ಡಿಸ್ಟ್ರಿಬ್ಯೂಟರ್ ಒಣಗಿಸಿ, ಬ್ರೇಕು, ಬೇರಿಂಗು ತೊಳೆದು ಗ್ರೀಸು ಹಚ್ಚಿದರೆ ಕಾರು ಮತ್ತೆ ಓಡುತ್ತಿತ್ತು. ಹೊಸ ಕಾರಿನಲ್ಲಿ ಏರ್‌ಬ್ಯಾಗಿನ ಕಂಪ್ಯೂಟರು ಸಾಮಾನ್ಯವಾಗಿ ಎರಡು ಸೀಟುಗಳ ನಡುವೆ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಅಂದರೆ ಒಳಗೆ ನುಗ್ಗಿದ ನೀರು ಬೇಗ ಮುಟ್ಟುವ ಜಾಗದಲ್ಲಿ. ಒದ್ದೆಯಾದದ್ದನ್ನು ಒಣಗಿಸಿ ನಂಬುವಂತಿಲ್ಲ, ಬದಲಿಸಲೇಬೇಕು, ಇದು ಸರಿ. ಬದಲಿಗೆ ಬಂದದ್ದನ್ನು ಆ ಕಾರಿನ ಚಾಸಿ ನಂಬರಿಗೆ ಹೊಂದಿಸಬೇಕು, ಅದು ಬಹುಮಟ್ಟಿಗೆ ಕಂಪನಿಯ ಟೂಲಿನಿಂದಲೇ ಆಗಬೇಕು. ಇಂಥ ಮಾಡ್ಯೂಲು ಒಂದೊಂದಾಗಿ ಸೇರಿ ಬಿಲ್ಲು ಬೆಳೆಯುತ್ತದೆ. ರಿಪೇರಿ ವೆಚ್ಚ ಕಾರಿನ ವಿಮಾ ಮೌಲ್ಯದ ಶೇ. 75ನ್ನು ದಾಟಿದರೆ ವಿಮೆಯವರು ಕಾರನ್ನೇ ಪೂರ್ತಿ ನಷ್ಟ ಎಂದು ಬರೆದುಬಿಡುತ್ತಾರೆ. ಇಂಜಿನ್ನು, ಗೇರ್‌ಬಾಕ್ಸು, ಬಾಡಿ ಗಟ್ಟಿಮುಟ್ಟಾಗಿರುವಾಗಲೇ ಕಾರು ಗುಜರಿಗೆ ಹೋಗುವುದು ಹೀಗೆ.

ಚೆನ್ನೈಯಲ್ಲಿ ಗುಜರಿ ಎಂದರೆ ಪುದುಪೇಟ್ಟೈ. ಬೆಂಗಳೂರಿಗರಿಗೆ ಜೆ.ಸಿ. ರಸ್ತೆ ಹೇಗೋ ಇಲ್ಲಿಯವರಿಗೆ ಜನರಲ್ ಪ್ಯಾಟರ್ಸ್ ರಸ್ತೆ ಹಾಗೆ, ಹೊಸ ಬಿಡಿಭಾಗ ಬೇಕಾದವರು ಹೋಗುವುದು ಅಲ್ಲಿಗೆ. ಹಳೆಯದು ಬೇಕಾದವರು ಎಗ್ಮೋರಿನ ಹತ್ತಿರದ ಪುದುಪೇಟ್ಟೈಗೆ ಹೋಗುತ್ತಾರೆ. ಬಾಗಿಲು, ಬಂಪರು, ಗೇರ್‌ಬಾಕ್ಸು, ರೇಡಿಯೇಟರು ಇಲ್ಲಿ ಹೊಸ ಜೀವ ಪಡೆಯುತ್ತವೆ. ಹಳೆಯ ಕಾರಿನಿಂದ ಬಿಚ್ಚಿದ ಕಂಪ್ಯೂಟರು ಮಾತ್ರ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಬಹುಪಾಲು ಕಾರುಗಳಲ್ಲಿ ಹಾಗೇ ಹಾಕಿದರೆ ಕೆಲಸ ಮಾಡುವುದಿಲ್ಲ, ಇಮ್ಮೊಬಿಲೈಸರ್ ಅದನ್ನು ಒಪ್ಪುವುದಿಲ್ಲ. ಕಂಪನಿಗಳು ಇದಕ್ಕೆ ಕೊಡುವ ಸಮರ್ಥನೆಯಲ್ಲಿ ಹುರುಳಿದೆ: ಈ ಬೀಗ ಕಳ್ಳತನ ತಡೆಯುತ್ತದೆ. ಕದ್ದ ಗಾಡಿಗಳ ಭಾಗಗಳು ಗುಜರಿಗೆ ಸೇರುತ್ತವೆ ಎಂಬ ದೂರು ಹಳೆಯದು, ಅದನ್ನು ತಳ್ಳಿಹಾಕಲಾಗದು. ಆದರೆ ಕಳ್ಳನನ್ನು ತಡೆಯಲು ಪ್ರಾಮಾಣಿಕನನ್ನೂ ಹೊರಗಿಡಬೇಕಿಲ್ಲ. 2021ರಲ್ಲಿ ಬಂದ ಗುಜರಿ ಕೇಂದ್ರಗಳ ನಿಯಮದ ಪ್ರಕಾರ ಅಧಿಕೃತವಾಗಿ ಒಡೆಯುವ ಪ್ರತಿ ವಾಹನಕ್ಕೂ ಪ್ರಮಾಣಪತ್ರ ಇರುತ್ತದೆ, ಚಾಸಿ ನಂಬರು ದಾಖಲಾಗುತ್ತದೆ. ಆ ನಂಬರಿನ ಕಂಪ್ಯೂಟರನ್ನು ಹೊಸ ಮಾಲೀಕನ ಹೆಸರಿಗೆ ಬಿಡುಗಡೆ ಮಾಡುವುದು ಕಂಪನಿಗೆ ಕಷ್ಟದ ಕೆಲಸವಲ್ಲ. ಯುರೋಪಿನಲ್ಲಿ ಕಳ್ಳತನ ತಡೆಗೆ ಸಂಬಂಧಿಸಿದ ಮಾಹಿತಿಯನ್ನು ಪರಿಶೀಲಿಸಿ ಮಾನ್ಯತೆ ಕೊಟ್ಟ ಸ್ವತಂತ್ರ ಗ್ಯಾರೇಜುಗಳಿಗೆ ತೆರೆದಿಡುವ ವ್ಯವಸ್ಥೆ ರೂಪಿಸಿದ್ದಾರೆ.

ಸ್ವಂತ ರಿಪೇರಿಯವರ ಪರವಾಗಿ ಮಾತಾಡುವಾಗ ಅವರ ಒಂದು ದೊಡ್ಡ ದೋಷವನ್ನೂ ಹೇಳಬೇಕು. ಅಗ್ಗದ ಸ್ಕ್ಯಾನರು ಕೈಗೆ ಬಂದ ಮೇಲೆ ರೋಗ ಪತ್ತೆ ಮಾಡುವ ಶ್ರಮವನ್ನು ಅನೇಕರು ಕೈಬಿಟ್ಟಿದ್ದಾರೆ. ಪಿ0171 ಎಂಬ ಸಂಕೇತ ಬಂತೆನ್ನಿ. ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ ಬೀಳುತ್ತಿದೆ ಎಂದಷ್ಟೇ ಅದರರ್ಥ. ಆಕ್ಸಿಜನ್ ಸೆನ್ಸರು ಈ ಸುದ್ದಿ ತಂದದ್ದರಿಂದ ಆ ಸೆನ್ಸರನ್ನೇ ಕಿತ್ತು ಹೊಸದು ಹಾಕುವವರಿದ್ದಾರೆ. ದೀಪ ಎರಡು ದಿನ ಆರಿ ಮತ್ತೆ ಹೊತ್ತುತ್ತದೆ. ಕಾರಣ ಇನ್‌ಟೇಕಿನ ಬಿರುಕು ಬಿಟ್ಟ ರಬ್ಬರ್ ಹೋಸ್ ಇರಬಹುದು, ಧೂಳು ಕೂತ ಗಾಳಿ ಸೆನ್ಸರು ಇರಬಹುದು, ಸೊರಗಿದ ಫ್ಯೂಯಲ್ ಪಂಪು ಇರಬಹುದು. ಹಳೆಯ ಮೇಸ್ತ್ರಿ ಕಿವಿಗೊಟ್ಟು, ಮೂಸಿ, ಒಂದೊಂದನ್ನೇ ಕಳೆಯುತ್ತ ಹೋಗುತ್ತಿದ್ದ ಕ್ರಮ ಹೊಸ ಕಾರಿಗೂ ಅಷ್ಟೇ ಬೇಕು. ಮಸಿ ಫಿಲ್ಟರನ್ನೇ ಕಿತ್ತೆಸೆದು ಕಂಪ್ಯೂಟರಿಗೆ ಸುಳ್ಳು ಹೇಳಿಸುವವರಂತೂ ರಿಪೇರಿ ಮಾಡುತ್ತಿಲ್ಲ, ಊರಿನ ಗಾಳಿ ಕೆಡಿಸುತ್ತಿದ್ದಾರೆ. ಆದರೂ ಈ ತಪ್ಪುಗಳಲ್ಲಿ ಮೊದಲನೆಯದಕ್ಕೆ ಮಾಹಿತಿಯ ಬರವೂ ಒಂದು ಕಾರಣ. ವೈರಿಂಗ್ ನಕ್ಷೆ, ಸೆನ್ಸರು ಕೊಡಬೇಕಾದ ಸರಿಯಾದ ವೋಲ್ಟೇಜು, ಪರೀಕ್ಷೆಯ ಕ್ರಮ ಇವೆಲ್ಲ ಇರುವ ವರ್ಕ್‌ಶಾಪ್ ಮ್ಯಾನುಯಲ್ ಸಿಗದಿದ್ದಾಗ ಊಹೆಯ ಮೇಲೆ ಭಾಗ ಬದಲಿಸುವುದೇ ವಿಧಾನವಾಗಿಬಿಡುತ್ತದೆ.

ಭಾರತದಲ್ಲಿ ಕೂಲಿ ಅಗ್ಗ, ಕೈ ಕೊಳೆ ಮಾಡಿಕೊಳ್ಳುವ ಮಾಲೀಕರು ಎಷ್ಟಿದ್ದಾರು, ಇಷ್ಟು ಸಣ್ಣ ಹವ್ಯಾಸಕ್ಕೆ ಕಾನೂನು ಬೇಕೇ ಎಂಬ ಆಕ್ಷೇಪವೂ ಇದೆ. ನಮ್ಮಲ್ಲಿ ಸ್ವಂತ ರಿಪೇರಿ ಎಂದರೆ ಒಬ್ಬಂಟಿ ಕೆಲಸವಲ್ಲ. ಅರ್ಧ ಮಾಲೀಕ, ಅರ್ಧ ಬೀದಿ ಕೊನೆಯ ಮೆಕ್ಯಾನಿಕ್ ಸೇರಿ ಮಾಡುವ ಕೆಲಸ. ಇಬ್ಬರಿಗೂ ಅಡ್ಡ ನಿಂತಿರುವುದು ಒಂದೇ ಬೀಗ. ವಾರಂಟಿ ಇರುವ ಹೊಸ ಕಾರಿನವರಿಗೆ ಇದರ ಬಿಸಿ ತಟ್ಟುವುದಿಲ್ಲ. ತಟ್ಟುವುದು ಎಂಟು ಹತ್ತು ವರ್ಷ ಓಡಿದ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡ ಕುಟುಂಬಕ್ಕೆ, ಒಂದೇ ಗಾಡಿ ನಂಬಿದ ಟ್ಯಾಕ್ಸಿ ಚಾಲಕನಿಗೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿದ್ದು ಇಂಥ ಬೀಗದ ಕಾರಣಕ್ಕೇ. ಅಸಲಿ ಬಿಡಿಭಾಗ, ದೋಷ ಪತ್ತೆಯ ಟೂಲುಗಳು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಇವು ತಡೆದಿದ್ದವು ಎಂದು ಆಯೋಗ ಕಂಡುಕೊಂಡಿತು. ಚೆನ್ನೈ ಸುತ್ತ ಕಾರ್ಖಾನೆಯಿದ್ದ ಫೋರ್ಡ್, ನಿಸ್ಸಾನ್, ಬಿಎಂಡಬ್ಲ್ಯು ಆ ಪಟ್ಟಿಯಲ್ಲಿದ್ದವು. ಹೊರಗಿನವರ ಕೈ ಸೋಕಿದರೆ ಸುರಕ್ಷತೆ ಹಾಳು, ವಾರಂಟಿ ರದ್ದು ಎಂಬ ವಾದಕ್ಕೂ ಆ ಆದೇಶ ನ್ಯಾಯವಾದ ಉತ್ತರ ಕೊಟ್ಟಿತ್ತು: ಹೊರಗೆ ರಿಪೇರಿ ಮಾಡಿಸಿದ್ದಕ್ಕೇ ಇಡೀ ವಾರಂಟಿ ಕಿತ್ತುಕೊಳ್ಳುವಂತಿಲ್ಲ, ಕೆಟ್ಟ ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೋಟಾ, ಫೋರ್ಡ್, ನಿಸ್ಸಾನ್ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದು ದಂಡವನ್ನು ಮಾತ್ರ ಇಳಿಸಿತು. ಆಮೇಲೆ 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿ ಸೇರಿವೆ. ಪೋರ್ಟಲ್ ಒಳ್ಳೆಯದೇ, ಆದರೆ ಅದು ಕಾನೂನಲ್ಲ.

ಕಾನೂನು ಎಲ್ಲಿ ಇರಬೇಕು ಎಂಬುದಕ್ಕೆ ಮಾದರಿ ಹುಡುಕಬೇಕಾಗಿಲ್ಲ. ಯುರೋಪಿನ ಒಕ್ಕೂಟ 2007ರಲ್ಲಿ ಯುರೋ 5, ಯುರೋ 6 ಹೊಗೆ ಮಾನಕಗಳನ್ನು ತಂದ ನಿಯಮಾವಳಿಯಲ್ಲೇ, ಸ್ವತಂತ್ರ ರಿಪೇರಿಯವರಿಗೆ ನ್ಯಾಯವಾದ ಶುಲ್ಕಕ್ಕೆ ರಿಪೇರಿ ಮಾಹಿತಿ ಕೊಡಬೇಕು ಎಂಬ ಅಧ್ಯಾಯವನ್ನೂ ಬರೆದಿತ್ತು. ಹೊಗೆ ಕಡಿಮೆ ಮಾಡುವ ಯಂತ್ರ ಸರಿಯಾಗಿ ರಿಪೇರಿಯಾಗದಿದ್ದರೆ ಹೊಗೆ ಕಡಿಮೆಯಾಗುವುದಿಲ್ಲ ಎಂಬ ಸರಳ ತರ್ಕ ಅದರ ಹಿಂದಿದೆ. ನಮ್ಮ ಭಾರತ್ ಸ್ಟೇಜ್ ಮಾನಕಗಳು ಅದೇ ಯುರೋ ಮಾನಕಗಳ ಜಾಡಿನಲ್ಲಿ ಬಂದವು. ಅಂಕಿಗಳು ಬಂದವು, ಸಾಕೆಟ್ಟು ಬಂತು, ದೀಪ ಬಂತು, ಆ ಅಧ್ಯಾಯ ಬರಲಿಲ್ಲ. ಹೊಸ ಮಾದರಿಯ ಕಾರು ರಸ್ತೆಗಿಳಿಯುವ ಮುನ್ನ ಪರೀಕ್ಷೆಗೆ ನಿಲ್ಲುವ ಕೇಂದ್ರಗಳಲ್ಲಿ ಒಂದು ಒರಗಡಂನಲ್ಲೇ ಇದೆ, ಗ್ಲೋಬಲ್ ಆಟೋಮೋಟಿವ್ ರಿಸರ್ಚ್ ಸೆಂಟರ್. ಮುಂದಿನ ಹೊಗೆ ಮಾನಕ ಬರೆಯುವಾಗ, ಕಾರಿನ ಜೊತೆ ಅದರ ವೈರಿಂಗ್ ನಕ್ಷೆ, ಮ್ಯಾನುಯಲ್, ಸರ್ವಿಸು ಆಜ್ಞೆಗಳ ಸಾಫ್ಟ್‌ವೇರು ಇವನ್ನು ನ್ಯಾಯವಾದ ಬೆಲೆಗೆ ಯಾರಿಗಾದರೂ ಮಾರುವ ಮುಚ್ಚಳಿಕೆಯೂ ಇಲ್ಲದೆ ಇಂಥ ಕೇಂದ್ರ ಪ್ರಮಾಣಪತ್ರ ಕೊಡಕೂಡದು ಎಂದು ಒಂದು ಕಲಮು ಸೇರಿಸಬೇಕು.